ಗೂಗಲ್ ಪಟ್ಟಿಯ ಮೊದಲ ಸಾಲೊಂದೇ ಸಾಲದು
(ಸಣ್ಣ ವ್ಯಾಪಾರಸ್ಥರಿಗೆ ನೇರ ಮಾರಾಟ: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ರೈತರಿಗಾಗಿ)

ಚಿತ್ರದುರ್ಗ ಜಿಲ್ಲೆಯ ರೈತರು ಬೆಳೆಯುವುದರಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಖುಷ್ಕಿ ಜಮೀನಿನಲ್ಲಿ ಶೇಂಗಾ, ಈರುಳ್ಳಿ, ಮೆಕ್ಕೆಜೋಳ, ರಾಗಿ ಬೆಳೆಯುತ್ತಾರೆ. ಹೊಸದುರ್ಗದ ಸಾವೆಗೆ ಒಳ್ಳೆಯ ಹೆಸರಿದೆ. ಹೊಳಲ್ಕೆರೆ ಕಡೆ ಅಡಿಕೆ, ಹಿರಿಯೂರು ಮತ್ತು ಹೊಸದುರ್ಗದ ಕಡೆ ತೆಂಗು, ದಾಳಿಂಬೆ ಇವೆ. ವಾಣಿ ವಿಲಾಸ ಸಾಗರವು 1933ರ ನಂತರ 2022ರಲ್ಲಿ ಕೋಡಿ ಬಿದ್ದು, 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿದ ಮೇಲೆ ಅಚ್ಚುಕಟ್ಟಿನ ತೋಟಗಳಿಗೂ ಜೀವ ಬಂದಿದೆ. ಆದರೆ ಬೆಳೆದದ್ದನ್ನು ಮಾರುವಾಗ ಮಾತ್ರ ಇವರೆಲ್ಲರ ಕಥೆ ಒಂದೇ. ಮಂಡಿಯಲ್ಲಿ ಹೇಳಿದ ಬೆಲೆಗೆ ಒಪ್ಪಿ ಬರಬೇಕು.

ಈಗ ಕೈಗೊಂದು ಮೊಬೈಲ್ ಬಂದಿರುವುದರಿಂದ, ಇದರ ಮೂಲಕವೇ ಗಿರಾಕಿಗಳನ್ನು ಹುಡುಕಬಹುದಲ್ಲವೇ ಎಂಬ ಆಸೆ ಹಲವರಲ್ಲಿ ಹುಟ್ಟಿದೆ. ಆಸೆ ತಪ್ಪಲ್ಲ. ತರಬೇತಿಗೆ ಬಂದ ಹೊಸದುರ್ಗ ಕಡೆಯ ಯುವಕನೊಬ್ಬ ಮೊದಲು ಕೇಳಿದ ಪ್ರಶ್ನೆ ಹೀಗಿತ್ತು: "ಸಾರ್, ಗಾಣದ ಎಣ್ಣೆ ಅಂತ ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಹೆಸರೇ ಮೊದಲು ಬರಬೇಕು. ಏನು ಮಾಡಬೇಕು?" ಈ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಮೊದಲು ಆ ಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದು.

ಪಟ್ಟಿ ತಯಾರಾಗುವ ಬಗೆ

ಊರು, ಅಂಗಡಿ, ಗಾಣ, ಹೋಟೆಲು ಮೊದಲಾದವನ್ನು ಯಾರಾದರೂ ಹುಡುಕಿದಾಗ ಗೂಗಲ್ ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತದೆ. ಕೇಳಿದ ಮಾತಿಗೂ ನಿಮ್ಮ ಕಸುಬಿಗೂ ಎಷ್ಟು ಹೊಂದಿಕೆ ಇದೆ ಎಂಬುದು ಒಂದು. ಹುಡುಕುವವನು ಇರುವ ಜಾಗದಿಂದ ನೀವು ಎಷ್ಟು ದೂರದಲ್ಲಿದ್ದೀರಿ ಎಂಬುದು ಎರಡನೆಯದು. ನಿಮ್ಮ ಹೆಸರು ಎಷ್ಟು ಪ್ರಚಾರದಲ್ಲಿದೆ, ಎಷ್ಟು ಜನ ಅಭಿಪ್ರಾಯ ಬರೆದಿದ್ದಾರೆ ಎಂಬುದು ಮೂರನೆಯದು. ಇದನ್ನು ಆ ಸಂಸ್ಥೆಯೇ ಪ್ರಕಟಿಸಿದೆ.

ಇದರಲ್ಲಿ ಎರಡನೆಯ ಸಂಗತಿಯನ್ನು ಗಮನಿಸಿರಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕುಳಿತ ಹೋಟೆಲ್ ಮಾಲೀಕರು ಗಾಣದ ಎಣ್ಣೆ ಎಂದು ಹುಡುಕಿದರೆ ಅವರಿಗೆ ಕಾಣುವುದು ಅವರ ಸುತ್ತಲಿನ ಅಂಗಡಿಗಳು. ಹಿರಿಯೂರು ಅಲ್ಲಿಂದ ಸುಮಾರು 160 ಕಿಲೋಮೀಟರ್, ಚಿತ್ರದುರ್ಗ ಸುಮಾರು 200 ಕಿಲೋಮೀಟರ್. ನಮ್ಮ ಗಾಣ ಎಷ್ಟೇ ಚೆನ್ನಾಗಿದ್ದರೂ ಆ ಪಟ್ಟಿಯಲ್ಲಿ ಮೇಲೆ ಬರುವುದು ಕಷ್ಟ. ಹೊಸದುರ್ಗದಲ್ಲೇ ಕುಳಿತು ಹುಡುಕಿದವರಿಗೆ ನಮ್ಮ ಹೆಸರು ಮೊದಲು ಕಂಡೀತು. ಆದರೆ ಅವರಿಗೆ ನಮ್ಮ ಗಾಣ ಎಲ್ಲಿದೆ ಎಂದು ಹೇಳಲು ಗೂಗಲ್ ಬೇಕಾಗಿಲ್ಲ.

ಈ ಸ್ಥಾನವನ್ನು ಹಣ ಕೊಟ್ಟು ಏರಿಸಲು ಬರುವುದಿಲ್ಲ ಎಂದೂ ಆ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಜಾಹೀರಾತಿನ ವಿಷಯ ಬೇರೆ, ಅದರ ಮೇಲೆ ಜಾಹೀರಾತು ಎಂದೇ ಬರೆದಿರುತ್ತದೆ. ಹೀಗಿದ್ದರೂ "ಮೂರು ತಿಂಗಳಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆ" ಎಂದು ಫೋನ್ ಮಾಡುವವರಿಗೆ ಕಡಿಮೆಯಿಲ್ಲ. ನಾನು ಬಲ್ಲ ಒಂದು ಗುಂಪಿನವರು ಇಂಥ ಮಾತಿಗೆ 12,000 ರೂಪಾಯಿ ಕೊಟ್ಟರು. ಮೂರು ತಿಂಗಳಲ್ಲಿ ಬಂದ ಕರೆಗಳಲ್ಲಿ ಹೆಚ್ಚಿನವು ಎಣ್ಣೆ ಹಿಂಡಿಸಿಕೊಳ್ಳಲು ಅಕ್ಕಪಕ್ಕದ ಹಳ್ಳಿಗಳವರು ಮಾಡಿದವು. ಇಬ್ಬರು ಕೆಲಸ ಇದೆಯೇ ಎಂದು ಕೇಳಿದರು. ಒಬ್ಬರು ಗಾಣದ ಯಂತ್ರ ಮಾರಲು ಬಂದರು. ಖರೀದಿದಾರರು ಒಬ್ಬರೂ ಬರಲಿಲ್ಲ. ಆ ಹಣದಲ್ಲಿ 40 ಹೋಟೆಲುಗಳಿಗೆ ಮಾದರಿ ಬಾಟಲಿ ಮುಟ್ಟಿಸಬಹುದಿತ್ತಲ್ಲ ಎಂದು ಅವರೇ ಆಮೇಲೆ ಹೇಳಿಕೊಂಡರು.

ಹಾಗೆಂದು ಗೂಗಲ್‌ನಲ್ಲಿ ಹೆಸರು ನೋಂದಾಯಿಸುವುದು ಬೇಡವೆಂದಲ್ಲ. ಅದು ಉಚಿತ. ಗಾಣದ ಅಥವಾ ತೋಟದ ಜಾಗ, ಫೋನ್ ಸಂಖ್ಯೆ, ತೆರೆದಿರುವ ವೇಳೆ, ನಿಜವಾದ ನಾಲ್ಕು ಚಿತ್ರಗಳು ಅಲ್ಲಿರಲಿ. ಬೇರೆಯವರ ಬಾಯಿಂದ ನಿಮ್ಮ ಹೆಸರು ಕೇಳಿದ ವ್ಯಾಪಾರಿ "ಇಂಥವರು ನಿಜವಾಗಿಯೂ ಇದ್ದಾರೆಯೇ" ಎಂದು ನೋಡುವುದು ಅಲ್ಲಿಯೇ. ಟೆಂಪೋದವನಿಗೆ ದಾರಿ ತೋರಿಸಲೂ ಅದು ಉಪಯೋಗ. ಅಷ್ಟು ಕೆಲಸಕ್ಕೆ ಒಂದು ಸಂಜೆ ಸಾಕು, ಅದರ ಮೇಲೆ ಹಣ ಸುರಿಯಬೇಕಾಗಿಲ್ಲ.

ಸಣ್ಣ ಗಿರಾಕಿ ಯಾರು?

ಸಣ್ಣ ವ್ಯಾಪಾರಸ್ಥರೆಂದರೆ ಇಲ್ಲಿ ಹೋಟೆಲು, ಮೆಸ್ಸು, ಹಣ್ಣಿನ ರಸದ ಅಂಗಡಿ, ಚಿಕ್ಕಿ ಮಾಡುವವರು, ಬೇಕರಿ, ಸಿರಿಧಾನ್ಯದ ಅಂಗಡಿ, ಮದುವೆ ಅಡಿಗೆಯವರು, ಬಡಾವಣೆಯ ದಿನಸಿ ಅಂಗಡಿ. ಇವರಿಗೆ ಒಂದು ಲಾರಿ ಮಾಲು ಬೇಡ. ವಾರಕ್ಕೆ 20 ಲೀಟರ್ ಎಣ್ಣೆ, 2 ಮೂಟೆ ಈರುಳ್ಳಿ, 10 ಕೆ.ಜಿ. ಸಾವೆ ಅಕ್ಕಿ ಸಾಕು. ಆದರೆ ವಾರ ತಪ್ಪದೆ ಬೇಕು, ಒಂದೇ ಗುಣದ್ದು ಬೇಕು.

ಮತ್ತೊಂದು ಅನುಕೂಲವಿದೆ. ದೊಡ್ಡ ವ್ಯಾಪಾರಿ ಬೇಡವೆಂದದ್ದು ಇವರಿಗೆ ಬೇಕಾಗಬಹುದು. ಭಗ್ವಾ ದಾಳಿಂಬೆಯಲ್ಲಿ ದೊಡ್ಡ ಗಾತ್ರದ, ಕಲೆಯಿಲ್ಲದ ಹಣ್ಣಿಗೆ ಮಾತ್ರ ದೂರದ ಮಾರುಕಟ್ಟೆಯಲ್ಲಿ ಬೆಲೆ. ಸಣ್ಣ ಹಣ್ಣು, ಸಿಪ್ಪೆಯ ಮೇಲೆ ತರಚು ಇದ್ದ ಹಣ್ಣು ತೋಟದಲ್ಲೇ ಅಗ್ಗವಾಗಿ ಹೋಗುತ್ತದೆ. ರಸದ ಅಂಗಡಿಯವನಿಗೆ ಸಿಪ್ಪೆಯ ಚೆಲುವು ಬೇಕಿಲ್ಲ, ಕಾಳಿನ ಬಣ್ಣ ಮತ್ತು ಸಿಹಿ ಬೇಕು. ಈರುಳ್ಳಿಯಲ್ಲಿ ಇದು ತಿರುವುಮುರುವು. ಸಿಪ್ಪೆ ಬಿಡಿಸುವ ಕೂಲಿಯನ್ನು ಲೆಕ್ಕ ಹಾಕುವ ಹೋಟೆಲಿನವರು ಗೋಲಿ ಗಾತ್ರದ ಗಡ್ಡೆಯನ್ನು ಮುಟ್ಟುವುದಿಲ್ಲ. ಯಾರಿಗೆ ಏನು ಬೇಕು ಎಂದು ಕೇಳದೆ ಎಲ್ಲರಿಗೂ ಒಂದೇ ಸಂದೇಶ ಕಳಿಸಿದರೆ ಯಾರಿಂದಲೂ ಉತ್ತರ ಬರುವುದಿಲ್ಲ.

ಅಡಿಕೆಗೆ ಈ ದಾರಿ ಹೊಂದದು. ಭೀಮಸಮುದ್ರ, ಶಿವಮೊಗ್ಗದಂಥ ಮಾರುಕಟ್ಟೆಗಳೂ ಸಹಕಾರ ಸಂಘಗಳೂ ಅದಕ್ಕಿವೆ. ಮೆಕ್ಕೆಜೋಳದ ರಾಶಿಯೂ ಅಷ್ಟೆ. ಉಳಿದ ಬೆಳೆಗಳಲ್ಲಿಯೂ ಎಲ್ಲ ಮಾಲನ್ನು ಫೋನಿನ ಮೇಲೆ ಮಾರುವೆನೆಂದು ಹೊರಡಬಾರದು. 2014ರಲ್ಲಿ ಆರಂಭವಾದ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಮತ್ತು 2016ರ ಇ-ನಾಮ್ ದೊಡ್ಡ ರಾಶಿಗೆ ಸೇರಿದವು. ಮೊದಲ ವರ್ಷ ಬೆಳೆಯ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ನೇರ ಮಾರಾಟಕ್ಕೆ ಇಟ್ಟುಕೊಳ್ಳುವುದು ಕ್ಷೇಮ.

ನಾವೇ ಹುಡುಕುವುದು

ಗಿರಾಕಿ ನಮ್ಮನ್ನು ಹುಡುಕಲಿ ಎಂದು ಕಾಯುವುದಕ್ಕಿಂತ ನಾವೇ ಗಿರಾಕಿಯನ್ನು ಹುಡುಕುವುದು ಸುಲಭ. ಅದಕ್ಕೂ ಅದೇ ಗೂಗಲ್ ನಕ್ಷೆ ಸಾಕು. ಚಿತ್ರದುರ್ಗ, ದಾವಣಗೆರೆ, ತುಮಕೂರು, ಬೆಂಗಳೂರಿನ ಒಂದೆರಡು ಬಡಾವಣೆ ಹೀಗೆ ನಿಮಗೆ ಬಸ್ಸು ಅಥವಾ ಟೆಂಪೋ ಸಂಪರ್ಕವಿರುವ ಕಡೆಗಳಲ್ಲಿ ಬೇಕಾದ ಬಗೆಯ ಅಂಗಡಿಗಳನ್ನು ನೋಡಿ, ಹೆಸರು, ಫೋನ್ ಸಂಖ್ಯೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರಿ. 30 ಹೆಸರು ಸಾಕು. ಹೆಸರಿನ ಕೆಳಗೆ ಜನ ಬರೆದ ಅಭಿಪ್ರಾಯಗಳನ್ನೂ ಓದಿರಿ. "ಇಲ್ಲಿ ಗಾಣದ ಎಣ್ಣೆಯಲ್ಲಿ ಅಡಿಗೆ ಮಾಡುತ್ತಾರೆ", "ಸಿರಿಧಾನ್ಯದ ದೋಸೆ ಚೆನ್ನಾಗಿದೆ" ಎಂಬ ಮಾತು ಕಂಡರೆ ಆ ಹೆಸರಿನ ಮುಂದೆ ಒಂದು ಗುರುತು ಹಾಕಿರಿ.

ಆ 30ರಲ್ಲಿ ನಿಮ್ಮೂರಿನವರು, ನೆಂಟರು, ಮಗನ ಜೊತೆ ಓದಿದವರು ಯಾರಾದರೂ ಬಲ್ಲ ಅಂಗಡಿ ಇದ್ದರೆ ಅದೇ ಮೊದಲು. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಹೋಗಿ ನೆಲಸಿದವರು ಸಾವಿರಾರು ಮಂದಿ ಇದ್ದಾರೆ. ಅವರಲ್ಲೊಬ್ಬರು "ಇವರು ನಮ್ಮೂರವರು, ಮಾತಿಗೆ ತಪ್ಪುವವರಲ್ಲ" ಎಂದು ಒಂದು ಮಾತು ಹೇಳಿದರೆ ಯಾವ ಪಟ್ಟಿಯ ಮೊದಲ ಸ್ಥಾನವೂ ಅದಕ್ಕೆ ಸಮನಲ್ಲ.

ಕರೆ ಮಾಡುವ ವೇಳೆಯೂ ಮುಖ್ಯ. ಹೋಟೆಲಿನವರಿಗೆ ಬೆಳಗಿನ ತಿಂಡಿ ಹೊತ್ತಿನಲ್ಲಾಗಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಾಗಲಿ ಫೋನ್ ಮಾಡಿದರೆ ಬೈಗಳೇ ಗತಿ. ಮಧ್ಯಾಹ್ನ ಮೂರೂವರೆಯಿಂದ ಐದು ಗಂಟೆಯೊಳಗೆ ಅವರಿಗೆ ಸ್ವಲ್ಪ ಬಿಡುವು. ಮೊದಲ ಕರೆಯಲ್ಲಿ ಮಾರಲು ಹೋಗಬಾರದು. "ನಾವು ಹೊಸದುರ್ಗದ ರೈತರು, ಸ್ವಂತ ಹೊಲದ ಶೇಂಗಾದಿಂದ ಎಣ್ಣೆ ತೆಗೆಯುತ್ತೇವೆ, ಮಾದರಿ ಕಳಿಸಲೇ?" ಇಷ್ಟು ಸಾಕು.

ಮಾದರಿ

ಈ ಪಾಠದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು. ಸಣ್ಣ ವ್ಯಾಪಾರಿ ಕೊಳ್ಳುವುದು ಚಿತ್ರ ನೋಡಿ ಅಲ್ಲ, ಕೈಯಲ್ಲಿ ಹಿಡಿದು ನೋಡಿ. ಎಣ್ಣೆಯಾದರೆ ಕಾಲು ಲೀಟರ್, ಸಾವೆ ಅಕ್ಕಿಯಾದರೆ ಅರ್ಧ ಕೆ.ಜಿ., ಶೇಂಗಾ ಬೀಜವಾದರೆ ಒಂದು ಕೆ.ಜಿ. ಕಳಿಸಬೇಕು. ಬಸ್ಸಿನ ಪಾರ್ಸೆಲ್ ಮೂಲಕ ಹೋಗುತ್ತದೆ, ಕೆ.ಎಸ್.ಆರ್.ಟಿ.ಸಿ.ಯು 2021ರಲ್ಲಿ ಇದಕ್ಕೆಂದೇ "ನಮ್ಮ ಕಾರ್ಗೋ" ಆರಂಭಿಸಿತು.

ಮಾದರಿಯನ್ನು ರಾಶಿಯ ಮೇಲಿನ ಚೆಂದದ ಕಾಳಿನಿಂದ ಆರಿಸಬಾರದು. ಮೂಟೆಯ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ ಕಳಿಸಬೇಕು. ಅದೇ ಮಾದರಿಯ ಇನ್ನೊಂದು ಪಾಲನ್ನು ದಿನಾಂಕ ಬರೆದು ಮನೆಯಲ್ಲಿ ಇಟ್ಟುಕೊಳ್ಳಬೇಕು. ಆರು ವಾರದ ನಂತರ "ನೀವು ತೋರಿಸಿದ್ದೇ ಬೇರೆ, ಕಳಿಸಿದ್ದೇ ಬೇರೆ" ಎಂಬ ಮಾತು ಬಂದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು. ತಪ್ಪು ನಮ್ಮದೇ ಎಂದು ಕಂಡರೆ ಮಾಲು ವಾಪಸು ತೆಗೆದುಕೊಳ್ಳಬೇಕು. ನಷ್ಟವಾಗುತ್ತದೆ, ಆದರೆ ಗಿರಾಕಿ ಉಳಿಯುತ್ತಾನೆ.

ಶೇಂಗಾ ಬೀಜ ಕೊಡುವವರು ತೇವದ ಕಡೆ ವಿಶೇಷ ಗಮನ ಕೊಡಬೇಕು. ಶೇಕಡಾ 8ಕ್ಕಿಂತ ಕಡಿಮೆ ತೇವ ಬರುವವರೆಗೆ ಒಣಗಿಸದಿದ್ದರೆ ಬೂಷ್ಟು ಬಂದು ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಚಿಕ್ಕಿ ಮಾಡುವವರು ಇದನ್ನು ಬಲ್ಲರು, ಕೇಳಿಯೂ ಕೇಳುತ್ತಾರೆ. ಸಾವೆಯನ್ನು ಅಕ್ಕಿ ಮಾಡಿ ಬಹಳ ದಿನ ಇಟ್ಟರೆ ಕಮಟು ವಾಸನೆ ಬರುವುದು. ಆದುದರಿಂದ ಧಾನ್ಯವಾಗಿಯೇ ಇಟ್ಟುಕೊಂಡು, ಬೇಡಿಕೆ ಬಂದಷ್ಟೇ ಅಕ್ಕಿ ಮಾಡಿಸಿ, ಮಾಡಿಸಿದ ದಿನಾಂಕವನ್ನು ಚೀಲದ ಮೇಲೆ ಬರೆಯುವುದು ಲೇಸು. ಈ ದಿನಾಂಕವೇ ನಿಮ್ಮ ಜಾಹೀರಾತು.

ವಾಟ್ಸಾಪ್‌ನ ಸರಿಯಾದ ಬಳಕೆ

ವ್ಯಾಪಾರಕ್ಕೆಂದೇ ಇರುವ ವಾಟ್ಸಾಪ್ ಬಿಸಿನೆಸ್ ಎಂಬ ಉಚಿತ ಆ್ಯಪ್ 2018ರಲ್ಲಿ ಬಂತು. ಇದರಲ್ಲಿ ಮಾಲಿನ ಚಿತ್ರ, ಅಳತೆ, ಬೆಲೆಗಳನ್ನು ಒಂದು ಕಡೆ ಜೋಡಿಸಿಡಬಹುದು. ನೀವು ಹೊಲದಲ್ಲಿರುವಾಗ "ಸಂಜೆ 6ಕ್ಕೆ ಉತ್ತರಿಸುತ್ತೇನೆ" ಎಂದು ತಾನಾಗಿಯೇ ಹೋಗುವ ಸಂದೇಶವನ್ನೂ ಬರೆದಿಡಬಹುದು. ಹಾಗೆ ಬರೆದ ಮೇಲೆ 6ಕ್ಕೆ ಉತ್ತರಿಸಲೇಬೇಕು!

ಹಲವರಿಗೆ ಒಟ್ಟಿಗೆ ತಿಳಿಸಲು ಗುಂಪು ಮಾಡುವ ಅಭ್ಯಾಸ ನಮ್ಮಲ್ಲಿದೆ. ಖರೀದಿದಾರರನ್ನು ಗುಂಪಿಗೆ ಸೇರಿಸಬಾರದು. ಒಬ್ಬರಿಗೆ ಕೊಟ್ಟ ಬೆಲೆಯ ಮಾತು ಎಲ್ಲರಿಗೂ ಕಾಣುತ್ತದೆ, ದಿನವೂ ಬರುವ ಶುಭೋದಯದ ಚಿತ್ರಗಳಿಗೆ ಬೇಸತ್ತು ಹೊರಗೆ ಹೋಗುತ್ತಾರೆ. ಇದಕ್ಕೆ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಬಹುದು. ಒಂದು ಪಟ್ಟಿಯಲ್ಲಿ 256 ಮಂದಿಯವರೆಗೆ ಸೇರಿಸಬಹುದು, ಸಂದೇಶ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಹೆಸರು ಸಮೇತ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುವುದು. ಆದುದರಿಂದ ಮಾದರಿ ಕೊಟ್ಟಾಗಲೇ "ಸಂಖ್ಯೆ ಉಳಿಸಿಕೊಳ್ಳಿ" ಎಂದು ಕೇಳಬೇಕು. ವಾರಕ್ಕೆ ಒಂದು ಸಂದೇಶ ಸಾಕು: ಈ ವಾರ ಏನಿದೆ, ಎಷ್ಟಿದೆ, ಬೆಲೆ ಏನು, ಯಾವ ದಿನ ಗಾಡಿ ಹೊರಡುತ್ತದೆ.

ಚಿತ್ರಗಳನ್ನು ಬೆಳಗಿನ ಬೆಳಕಿನಲ್ಲಿ ತೆಗೆಯಿರಿ. ಈರುಳ್ಳಿಯ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟರೆ ಗಾತ್ರ ತಾನಾಗಿ ತಿಳಿಯುತ್ತದೆ. ದಾಳಿಂಬೆಯಾದರೆ ಒಂದು ಹಣ್ಣನ್ನು ಕೊಯ್ದು ಕಾಳು ತೋರಿಸಿರಿ. ಎಲ್ಲಿಂದಲೋ ಇಳಿಸಿಕೊಂಡ ಚಿತ್ರವನ್ನು ಹಾಕಲೇಬಾರದು. ಅಂಥ ಹತ್ತು ಚಿತ್ರಗಳನ್ನು ದಿನವೂ ನೋಡುವ ಅಂಗಡಿಯವರು ಒಂದೇ ನೋಟದಲ್ಲಿ ಕಂಡುಹಿಡಿಯುತ್ತಾರೆ. ಕಲೆ ಇದ್ದ ಹಣ್ಣಿನ ಚಿತ್ರವನ್ನು ಮುಚ್ಚಿಡದೆ ಕಳಿಸಿ, ಅದಕ್ಕೆ ತಕ್ಕ ಬೆಲೆ ಹೇಳಿದವರಿಗೆ ಎರಡನೆಯ ಬೇಡಿಕೆ ಬೇಗ ಬರುವುದನ್ನು ನಾನು ನೋಡಿದ್ದೇನೆ.

ಮಳೆಗಾಲದ ಈರುಳ್ಳಿ ಬೆಳೆದವರು ಇನ್ನೊಂದು ಮಾತು ಗಮನಿಸಬೇಕು. ಈ ಬೆಳೆಯಲ್ಲಿ ನೀರಿನಂಶ ಹೆಚ್ಚಾದ್ದರಿಂದ ಬೇಸಿಗೆ ಬೆಳೆಯಂತೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಕಿತ್ತ ಮೇಲೆ ಗಿರಾಕಿ ಹುಡುಕಲು ಹೊರಟರೆ ಉತ್ತರ ಬರುವುದರೊಳಗೆ ಕೊಳೆಯುತ್ತದೆ. ಹೊಲದಲ್ಲಿ ಗಡ್ಡೆ ಬಲಿಯುತ್ತಿರುವಾಗಲೇ ಚಿತ್ರ ಕಳಿಸಿ, ಕೀಳುವ ದಿನ ಹೇಳಿ, ಬೇಡಿಕೆ ಬರೆದುಕೊಂಡಿರಬೇಕು.

ಲೆಕ್ಕ, ಅಳತೆ, ನೋಂದಣಿ

ಬೆಲೆ ಹೇಳುವ ಮೊದಲು ಅಸಲು ತಿಳಿದಿರಬೇಕು. ಒಂದು ಕ್ವಿಂಟಾಲ್ ಶೇಂಗಾ ಕಾಯಿ ಸುಲಿದರೆ ಸುಮಾರು 70 ಕೆ.ಜಿ. ಬೀಜ ಬರುತ್ತದೆ. ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಬೀಜ ಬೇಕು. ಅಂದರೆ ಕ್ವಿಂಟಾಲ್ ಕಾಯಿಗೆ ಸುಮಾರು 28 ಲೀಟರ್ ಎಣ್ಣೆ, 40 ಕೆ.ಜಿ.ಗೂ ಸ್ವಲ್ಪ ಮೇಲೆ ಹಿಂಡಿ. ಆ ದಿನ ಕಾಯಿಗೆ ಮಾರುಕಟ್ಟೆಯಲ್ಲಿರುವ ಬೆಲೆಗೆ ಸುಲಿಯುವ, ಆಡಿಸುವ ಕೂಲಿ, ಬಾಟಲಿ, ಸಾಗಣೆ ಕೂಡಿಸಿ, ಹಿಂಡಿಯ ಬೆಲೆ ಕಳೆದು, 28ರಿಂದ ಭಾಗಿಸಿರಿ. ಬಂದ ಮೊತ್ತಕ್ಕಿಂತ ಕಡಿಮೆಗೆ ಮಾರುವುದಾದರೆ ಕಾಯಿಯನ್ನೇ ಮಾರುವುದು ಜಾಣತನ. ಪೇಟೆಯ ರಿಫೈಂಡ್ ಎಣ್ಣೆಯ ಬೆಲೆಗೆ ಇಳಿಸಿ ಎಂದು ಕೇಳುವ ಹೋಟೆಲಿಗೆ ನಯವಾಗಿ ಇಲ್ಲವೆನ್ನಿರಿ. ಅವರು ನಮ್ಮ ಗಿರಾಕಿಗಳಲ್ಲ.

ಒಂದು ಲೀಟರ್ ಶೇಂಗಾ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಲೀಟರೋ ಕೆ.ಜಿ.ಯೋ ಎಂದು ಮೊದಲೇ ಬಿಡಿಸಿ ಹೇಳದೆ ಜಗಳವಾದ ಉದಾಹರಣೆಗಳು ಬೇಕಾದಷ್ಟಿವೆ. ಬಾಟಲಿಯ ಮೇಲೆ ಎರಡೂ ಇರಲಿ.

ಹೊಲದ ಬೆಳೆಯನ್ನು ಬೆಳೆದಂತೆಯೇ ಮಾರುವ ರೈತನಿಗೆ 2006ರ ಆಹಾರ ಸುರಕ್ಷತೆ ಕಾಯಿದೆ ಅನ್ವಯಿಸುವುದಿಲ್ಲ. ಎಣ್ಣೆ ತೆಗೆದರೆ, ಸಾವೆಯನ್ನು ಅಕ್ಕಿ ಮಾಡಿ ಚೀಲ ಕಟ್ಟಿದರೆ ನೋಂದಣಿ ಬೇಕು. 14 ಅಂಕಿಗಳ ಆ ಸಂಖ್ಯೆ ಬಾಟಲಿಯ ಮೇಲೆ ಇಲ್ಲದಿದ್ದರೆ ಒಳ್ಳೆಯ ಅಂಗಡಿಯವರು ಒಳಗೆ ಸೇರಿಸುವುದಿಲ್ಲ. ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರ ಯೋಜನೆಯಲ್ಲಿ ನಮ್ಮ ಜಿಲ್ಲೆಗೆ ಗುರುತಿಸಿದ್ದು ಶೇಂಗಾವನ್ನೇ. ನೋಂದಣಿ ಮತ್ತು ನೆರವಿನ ವಿವರಗಳನ್ನು ತಾಲ್ಲೂಕಿನ ಕೃಷಿ ಇಲಾಖೆಯಲ್ಲಿ ಅಥವಾ ಹಿರಿಯೂರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಹಣದ ವ್ಯವಹಾರ

ಮೊದಲ ಎರಡು ಬಾರಿ ಹಣ ಬಂದ ಮೇಲೆ ಮಾಲು. ನಂತರ ಒಂದು ವಾರದ ಸಾಲ, ಅದೂ ಒಂದು ಮಿತಿಯೊಳಗೆ. ಹಳೆಯ ಬಾಕಿ ತೀರದೆ ಹೊಸ ಮಾಲು ಹೋಗಬಾರದು. ಇದನ್ನು ಮುಲಾಜಿಲ್ಲದೆ ಆರಂಭದಲ್ಲಿಯೇ ಹೇಳಿದರೆ ಮುಂದೆ ಮುಖ ಕೆಡಿಸಿಕೊಳ್ಳುವ ಪ್ರಸಂಗವಿಲ್ಲ.

ಇನ್ನೊಂದು ಎಚ್ಚರಿಕೆ. ತಾನು ಸೈನ್ಯದ ಕ್ಯಾಂಟೀನಿನವನೆಂದೋ ದೊಡ್ಡ ಹಾಸ್ಟೆಲಿನವನೆಂದೋ ಹೇಳಿ, ಚೌಕಾಸಿ ಮಾಡದೆ ದೊಡ್ಡ ಬೇಡಿಕೆ ಕೊಟ್ಟು, "ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುವವರು ಇದ್ದಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಚೌಕಾಸಿ ಮಾಡದ ವ್ಯಾಪಾರಿಯನ್ನು ಕಂಡರೆ ಸಂಶಯಪಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಮೋಸ ಹೋದದ್ದು ತಿಳಿದ ಕೂಡಲೇ ನಾಚಿಕೆಪಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಒಬ್ಬರಿಂದ ಇನ್ನೊಬ್ಬರಿಗೆ

ಮೂರು ತಿಂಗಳು ಸರಿಯಾಗಿ ನಡೆದ ಮೇಲೆ ಒಬ್ಬ ಗಿರಾಕಿಯನ್ನು ನೇರವಾಗಿ ಕೇಳಬಹುದು: "ಅಣ್ಣಾ, ನಿಮಗೆ ಗೊತ್ತಿರುವ ಇನ್ನೊಂದು ಅಂಗಡಿಗೆ ನಮ್ಮ ಹೆಸರು ಹೇಳುತ್ತೀರಾ?" ಹೆಚ್ಚಿನವರು ಹೇಳುತ್ತಾರೆ. ನಮ್ಮ ರೈತರು ಇದನ್ನು ಕೇಳಲು ಸಂಕೋಚಪಡುವುದೇ ಹೆಚ್ಚು. ಗೂಗಲ್‌ನಲ್ಲಿ ಎರಡು ಸಾಲು ಬರೆಯಲು ಕೇಳುವುದೂ ತಪ್ಪಲ್ಲ, ಆದರೆ ದುಡ್ಡು ಕೊಟ್ಟು ಹೊಗಳಿಕೆ ಬರೆಸುವುದು ಅಲ್ಲಿಯ ನಿಯಮಕ್ಕೂ ವಿರುದ್ಧ.

ಬೇಡಿಕೆ ಹೆಚ್ಚಿದಾಗ ಒಬ್ಬರಿಂದ ಪೂರೈಸಲಾಗದು. ಆಗ ಪಕ್ಕದ ನಾಲ್ಕು ಜನರನ್ನು ಸೇರಿಸಿಕೊಳ್ಳುವುದೋ ರೈತ ಉತ್ಪಾದಕ ಸಂಸ್ಥೆಯ ಮೂಲಕ ಕೊಡುವುದೋ ಒಳ್ಳೆಯದು. ಆದರೆ ಎಲ್ಲರ ಮಾಲನ್ನೂ ಆ ಮನೆಯಲ್ಲಿಟ್ಟ ಮಾದರಿಗೆ ಹೋಲಿಸಿ ನೋಡಿಯೇ ಸೇರಿಸಬೇಕು. ಒಬ್ಬರ ಒದ್ದೆ ಮೂಟೆಯಿಂದ ಐವರ ಹೆಸರು ಹೋಗುವುದು.

ಮುಂಗಾರಿನ ಶೇಂಗಾ ಅಕ್ಟೋಬರ್ ಸುಮಾರಿಗೆ ಕೀಳಲು ಬರುತ್ತದೆ. ಆಗಸ್ಟ್ ತಿಂಗಳಲ್ಲಿ 30 ಅಂಗಡಿಗಳ ಪಟ್ಟಿ ಮುಗಿದಿರಲಿ. ಹಳೆಯ ಬೆಳೆಯಲ್ಲಿ ಒಂದು ಚೀಲ ಉಳಿಸಿಕೊಂಡಿದ್ದರೆ ಸೆಪ್ಟೆಂಬರಿನಲ್ಲಿ ಅದನ್ನು ಆಡಿಸಿ ಮಾದರಿ ಬಾಟಲಿಗಳನ್ನು ಕಳಿಸಿರಿ, ಪ್ರತಿ ಬಾಟಲಿಗೂ ದಿನಾಂಕ ಬರೆದ ಚೀಟಿ ಅಂಟಿಸಿ, ಒಂದನ್ನು ಮನೆಯ ನಾಗಂದಿಗೆಯ ಮೇಲೆ ಇಡಿರಿ.